ಕಿದ್ವಾಯಿ ಆಸ್ಪತ್ರೆ ಮತ್ತು ರೈತ ಕುಟುಂಬ

ಬೀಜೋಪಚಾರ, ಗೊಬ್ಬರ, ರಾಗಿಯ ಬೆಂಕಿರೋಗ ಇವುಗಳ ಮಾತು ಬಿಟ್ಟು ಕೃಷಿ ಇಲಾಖೆಯವನೊಬ್ಬ ಕ್ಯಾನ್ಸರ್ ಆಸ್ಪತ್ರೆಯ ಮಾತು ತೆಗೆದನಲ್ಲ, ಇದೇನು ಎಂದು ತಮಗೆ ಅನ್ನಿಸಬಹುದು. ನಾನು ವೈದ್ಯನಲ್ಲ, ವ್ಯವಸಾಯದ ಡಿಪ್ಲೊಮಾ ಓದಿದವನು. ಆದರೆ ಹೊಲ ಹೊಲ ತಿರುಗುವ ಕೆಲಸ ನನ್ನದು. "ಯಜಮಾನರು ಎಲ್ಲಿ, ಹೊಲದ ಕಡೆ ಕಾಣಲಿಲ್ಲವಲ್ಲ" ಎಂದು ಕೇಳಿದರೆ ಮನೆಯವರು ದನಿ ತಗ್ಗಿಸಿ "ಅವರಿಗೆ ಆ ಕಾಯಿಲೆಯಂತೆ ಸ್ವಾಮಿ" ಎನ್ನುವುದನ್ನು ಹಲವು ಸಲ ಕೇಳಿದ್ದೇನೆ. ಯಾವಾಗ ಶುರುವಾಯಿತು ಎಂದು ವಿಚಾರಿಸಿದರೆ ಆರು ತಿಂಗಳಾಗಿರುತ್ತದೆ, ಒಂದೊಂದು ಸಲ ವರ್ಷವೇ ಆಗಿರುತ್ತದೆ.

ನಮ್ಮ ಭಾಗದ ಒಬ್ಬ ತಾಯಿಯ ಸಂಗತಿ ಹೇಳುತ್ತೇನೆ. ಹೊಗೆಸೊಪ್ಪು, ಸುಣ್ಣ ತಿಕ್ಕಿ ಎಡಗೆನ್ನೆಯಲ್ಲಿ ಇಟ್ಟುಕೊಳ್ಳುವ ರೂಢಿ ಆಕೆಯದು. ಶ್ರಾವಣದಲ್ಲಿ ಅದೇ ಎಡಗೆನ್ನೆಯ ಒಳಗೆ ಒಂದು ಹುಣ್ಣು ಕಂಡಿತು. ಸುಣ್ಣ ಸುಟ್ಟಿರಬೇಕು ಎಂದುಕೊಂಡರು. ನೋವೂ ಇರಲಿಲ್ಲ. ರಾಗಿ ಕೊಯ್ಲು ಮುಗೀಲಿ ಅಂದರು. ಮೆದೆ ಹಾಕಿದ ಮೇಲೆ ಒಕ್ಕಣೆ ಆಗಲಿ ಅಂದರು. ಒಕ್ಕಣೆ ಆದ ಮೇಲೆ ಊರಹಬ್ಬ ಬಂತು. ಬೆಂಗಳೂರಿಗೆ ಹೊರಟಾಗ ಬಾಯಿ ಒಂದು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು, ಕತ್ತಿನಲ್ಲಿ ಗಂಟು ಎದ್ದಿತ್ತು. ರೋಗ ದವಡೆಯ ಮೂಳೆಗೆ ಇಳಿದಿತ್ತು. ಆಕೆ ಈಗ ಇಲ್ಲ. ರಾಗಿಯೇನೋ ಮನೆಗೆ ಬಂತು.

ಇಂಥವರು ಹೋಗುವ ಆಸ್ಪತ್ರೆಯ ಹೆಸರು ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ. ಗಂಥಿ ಎಂದರೆ ಗಂಟು, ಗಡ್ಡೆ. ಜನ ಚಿಕ್ಕದಾಗಿ "ಕಿದ್ವಾಯಿ" ಎನ್ನುತ್ತಾರೆ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ, ನಿಮ್ಹಾನ್ಸ್ ಆಸ್ಪತ್ರೆಯ ನೆರೆಯಲ್ಲಿದೆ. ಈ ಕಿದ್ವಾಯಿ ಯಾರು ಗೊತ್ತೇ? ರಫಿ ಅಹಮದ್ ಕಿದ್ವಾಯಿ ಸ್ವಾತಂತ್ರ್ಯ ಹೋರಾಟಗಾರರು. ೧೯೫೪ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಅವರು ಭಾರತ ಸರ್ಕಾರದ ಆಹಾರ ಮತ್ತು ಕೃಷಿ ಮಂತ್ರಿಗಳು. ಯುದ್ಧಕಾಲದಿಂದ ನಡೆದುಬಂದ ಆಹಾರಧಾನ್ಯದ ಕಂಟ್ರೋಲನ್ನು ಸಡಿಲಿಸಿದವರು ಅವರೇ. ಹೀಗೆ ಆ ಬಾಗಿಲ ಮೇಲಿನ ಹೆಸರು ನಮ್ಮ ಇಲಾಖೆಯ ಹಿರಿಯರದೇ, ಆದ್ದರಿಂದ ನಾನು ಆ ಮಾತು ತೆಗೆದರೆ ತಪ್ಪಿಲ್ಲ.

ಆಸ್ಪತ್ರೆ ತೆರೆದದ್ದು ೧೯೭೩ರಲ್ಲಿ. ೧೯೮೦ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವೆಂಬ ಮಾನ್ಯತೆ ಸಿಕ್ಕಿತು. ಇದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಲಿಕೆಯ ಸ್ಥಳವೂ ಹೌದು. ಅಂದರೆ ಅಲ್ಲಿ ಚಿಕಿತ್ಸೆ, ಪಾಠ, ಸಂಶೋಧನೆ ಮೂರೂ ಒಂದೇ ಸೂರಿನ ಕೆಳಗೆ ನಡೆಯುತ್ತವೆ. ಹಳ್ಳಿಯಿಂದ ಹೋದವರು ಒಂದು ಮಾತು ಹೇಳುವುದುಂಟು: "ಒಬ್ಬರು ಕೇಳಿದ್ದನ್ನೇ ಇನ್ನೊಬ್ಬರು ಬಂದು ಕೇಳುತ್ತಾರೆ, ಬಾಯಿ ತೆರೆಸಿ ನಾಲ್ವರು ನೋಡುತ್ತಾರೆ." ಬೇಸರ ಪಡಬೇಡಿ. ಕಿರಿಯ ವೈದ್ಯರು ನೋಡಿದ್ದನ್ನು ಹಿರಿಯರು ಮತ್ತೆ ನೋಡುವುದು ಅಲ್ಲಿನ ಪದ್ಧತಿ. ನಾಲ್ಕು ಕಣ್ಣು ನೋಡಿದರೆ ನಿಮಗೇ ಒಳ್ಳೆಯದು.

ಅಲ್ಲಿ ಏನು ಮಾಡುತ್ತಾರೆ? ಮೊದಲು ಕಾಯಿಲೆ ಇದೆಯೋ ಇಲ್ಲವೋ ಎಂದು ತಿಳಿಯಬೇಕು. ಹುಣ್ಣಿನಿಂದ ಅಥವಾ ಗಂಟಿನಿಂದ ಅಕ್ಕಿಕಾಳಿನಷ್ಟು ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇದಕ್ಕೆ ಬಯಾಪ್ಸಿ ಎನ್ನುತ್ತಾರೆ. ಇಲ್ಲಿಯೇ ನಮ್ಮ ಜನ ಹಿಂಜರಿಯುವುದು. "ಗಂಟಿಗೆ ಕಬ್ಬಿಣ ತಾಗಿದರೆ ಮೈಯೆಲ್ಲ ಹರಡುತ್ತದೆ" ಎಂಬ ಮಾತು ಊರೂರಿನಲ್ಲಿದೆ. ಇದು ಸುಳ್ಳು. ತಡವಾಗಿ ಹೋದವರಿಗೆ ಚೂರು ತೆಗೆದ ಕೆಲವೇ ತಿಂಗಳಲ್ಲಿ ಸಾವು ಬಂದದ್ದನ್ನು ಕಂಡು ಹುಟ್ಟಿದ ಮಾತಿದು. ಕಬ್ಬಿಣ ತಾಗುವ ಮೊದಲೇ ರೋಗ ಹರಡಿತ್ತು. ಎಲೆ ಚುಕ್ಕೆ ಬಿದ್ದಾಗ ಅದು ಬೂಷ್ಟೋ, ದುಂಡಾಣುವೋ, ಪೋಷಕಾಂಶದ ಕೊರತೆಯೋ ಎಂದು ತಿಳಿಯದೆ ಔಷಧ ಹೊಡೆದರೆ ದುಡ್ಡೂ ಹೋಯಿತು, ಪೈರೂ ಹೋಯಿತು. ಹಾಗೆಯೇ ಇದು.

ಆಮೇಲೆ ರೋಗ ಎಷ್ಟು ದೂರ ಹೋಗಿದೆ ಎಂದು ಸ್ಕ್ಯಾನ್ ಮುಂತಾದವುಗಳಿಂದ ಅಳೆದು, ಒಂದರಿಂದ ನಾಲ್ಕು ಹಂತಗಳಲ್ಲಿ ಯಾವುದು ಎಂದು ಗೊತ್ತುಮಾಡುತ್ತಾರೆ. ಈ ಹಂತದ ಮಾತೇ ಮುಖ್ಯ. ಬಾಯಿ, ಸ್ತನ, ಗರ್ಭಕೊರಳು ಇವುಗಳ ಕ್ಯಾನ್ಸರು ಮೊದಲ ಹಂತದಲ್ಲಿ ಸಿಕ್ಕರೆ ಹೆಚ್ಚಿನವರು ಗುಣವಾಗಿ ಮನೆಗೆ ಬರುತ್ತಾರೆ. ನಾಲ್ಕನೆಯದರಲ್ಲಿ ಗುಣವಾಗುವವರು ಕಡಿಮೆ. ಆಸ್ಪತ್ರೆ ಅದೇ, ವೈದ್ಯರು ಅವರೇ, ಔಷಧವೂ ಅದೇ. ವ್ಯತ್ಯಾಸವೆಲ್ಲ ನಾವು ಹೊರಟ ದಿನದ್ದು.

ಚಿಕಿತ್ಸೆ ಮುಖ್ಯವಾಗಿ ಮೂರು ಬಗೆ. ಕೊಯ್ದು ತೆಗೆಯುವುದು ಒಂದು. ಅದು ಎಲ್ಲರಿಗೂ ತಿಳಿದದ್ದೇ.

ಎರಡನೆಯದು ಕಿರಣ ಚಿಕಿತ್ಸೆ. ನಮ್ಮವರು ಇದಕ್ಕೆ "ಕರೆಂಟು ಕೊಡೋದು" ಎನ್ನುತ್ತಾರೆ, ಆದರೆ ಮೈಗೆ ವಿದ್ಯುತ್ತು ಹಾಯಿಸುವುದಿಲ್ಲ. ಎಕ್ಸ್-ರೇ ಜಾತಿಯ, ಅದಕ್ಕಿಂತ ಬಲವಾದ ಕಿರಣವನ್ನು ಗಂಟಿನ ಮೇಲೆ ಗುರಿಯಿಟ್ಟು ಬಿಡುತ್ತಾರೆ. ಬಿಡುವಾಗ ನೋವಿಲ್ಲ. ಕೆಲವು ನಿಮಿಷದ ಕೆಲಸ. ಹೀಗೆ ವಾರಕ್ಕೆ ಐದು ದಿನದಂತೆ, ಅನೇಕ ರೋಗಿಗಳಿಗೆ ಐದರಿಂದ ಏಳು ವಾರ. ಹೊರಗಿನಿಂದ ಯಂತ್ರದಲ್ಲಿ ಕಿರಣ ಪಡೆದು ಬಂದವರ ಮೈಯಲ್ಲಿ ಅದು ಉಳಿಯುವುದಿಲ್ಲ. ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದು, ಒಂದೇ ಪಂಕ್ತಿಯಲ್ಲಿ ಊಟ ಮಾಡಬಹುದು. ಕಿರಣವೆಂದರೆ ಹೆದರುವವರಿಗೆ ಇನ್ನೊಂದು ಮಾತು: ನಮ್ಮಲ್ಲಿ ಬೆಳೆಯುವ ಟಿ.ಎ.ಜಿ. ೨೪ ಕಡಲೇಕಾಯಿ ತಳಿಯ ಪೂರ್ವಜರನ್ನು ಪಡೆದದ್ದು ಬೀಜಕ್ಕೆ ಎಕ್ಸ್-ಕಿರಣ ಹಾಯಿಸಿಯೇ. ಅದನ್ನು ತಿಂದು ಯಾರಿಗೂ ಏನೂ ಆಗಿಲ್ಲ.

ಮೂರನೆಯದು ಔಷಧ, ಕೀಮೋ ಎನ್ನುತ್ತಾರೆ. ತಮ್ಮ ಮನೆಯ ಮುಂದೆ, ತುಳಸಿಕಟ್ಟೆಯ ಪಕ್ಕದಲ್ಲಿ ನಿತ್ಯಪುಷ್ಪದ ಗಿಡ ಇರಬಹುದು. ಸದಾಪುಷ್ಪ, ಕಾಶಿಕಣಗಿಲೆ ಎಂದೂ ಕರೆಯುತ್ತಾರೆ. ಬಿಳಿ ಅಥವಾ ನಸುಗೆಂಪು ಹೂವು, ಬೇಸಿಗೆಯಲ್ಲೂ ಬಾಡುವುದಿಲ್ಲ, ದನ ಬಾಯಿ ಹಾಕುವುದಿಲ್ಲ. ಇದರ ಎಲೆಯ ಕಷಾಯದಿಂದ ಸಿಹಿಮೂತ್ರ ರೋಗ ಗುಣವಾಗುತ್ತದೆಂಬ ನಾಟಿ ನಂಬಿಕೆಯನ್ನು ಪರೀಕ್ಷಿಸಲು ಕೆನಡಾ ದೇಶದ ವೆಸ್ಟರ್ನ್ ಒಂಟಾರಿಯೋ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಎಂಬ ವಿಜ್ಞಾನಿಗಳು ೧೯೫೦ರ ದಶಕದಲ್ಲಿ ಹೊರಟರು. ಸಕ್ಕರೆ ಇಳಿಯಲಿಲ್ಲ. ಆದರೆ ಇಲಿಗಳ ಬಿಳಿ ರಕ್ತಕಣ ಇಳಿದುಹೋಯಿತು! ಬಿಳಿ ಕಣ ಮಿತಿಮೀರಿ ಬೆಳೆಯುವ ರಕ್ತದ ಕ್ಯಾನ್ಸರಿಗೆ ಇದು ಆಗಬಹುದಲ್ಲ ಎಂದು ಆ ದಾರಿ ಹಿಡಿದರು. ಈ ಗಿಡದಿಂದಲೇ ಬಂದ ವಿನ್‌ಕ್ರಿಸ್ಟಿನ್ ಎಂಬ ಔಷಧವನ್ನು ಇಂದು ಮಕ್ಕಳ ರಕ್ತದ ಕ್ಯಾನ್ಸರಿಗೆ ಬೇರೆ ಔಷಧಗಳ ಜೊತೆಯಲ್ಲಿ ಕೊಡುತ್ತಾರೆ. ಆ ರೋಗ ಬಂದ ಮಕ್ಕಳು ಬದುಕುವುದೇ ಇಲ್ಲ ಎನ್ನುವ ಕಾಲವಿತ್ತು, ಈಗ ಪೂರ್ತಿ ಚಿಕಿತ್ಸೆ ಸಿಕ್ಕ ಮಕ್ಕಳಲ್ಲಿ ಬಹಳ ಮಂದಿ ಬದುಕಿ ಶಾಲೆಗೆ ಹೋಗುತ್ತಾರೆ. ಹಾಗೆಂದು ಮನೆಯಲ್ಲಿ ಯಾರೂ ಆ ಎಲೆ ಅರೆದು ಕುಡಿಯಬಾರದು. ಅದು ವಿಷದ ಗಿಡ. ರಾಶಿ ಎಲೆಯಿಂದ ಚಿಟಿಕೆಯಷ್ಟು ಸಾರ ತೆಗೆದು, ತೂಗಿ, ವೈದ್ಯರ ಕಣ್ಣೆದುರು ರಕ್ತನಾಳಕ್ಕೆ ಕೊಡುವ ಔಷಧ ಬೇರೆ, ಹಿತ್ತಲ ಸೊಪ್ಪು ಬೇರೆ.

ಕೀಮೋ ಕೊಟ್ಟಾಗ ವಾಂತಿ, ಸುಸ್ತು ಬರುತ್ತದೆ, ಅನೇಕರಿಗೆ ಕೂದಲು ಉದುರುತ್ತದೆ. ಕೂದಲು ಮತ್ತೆ ಬರುತ್ತದೆ. ಇದನ್ನು ಕಂಡು ಚಿಕಿತ್ಸೆ ಬಿಟ್ಟು ಓಡಿಬರುವವರಿದ್ದಾರೆ. ನಮ್ಮ ಕಡೆಯ ಒಬ್ಬರು ಗಂಟಲಿನ ಕ್ಯಾನ್ಸರಿಗೆ ಮೂರು ವಾರ ಕಿರಣ ತೆಗೆದುಕೊಂಡು, ನುಂಗಲು ಸಲೀಸಾದ ಕೂಡಲೇ "ವಾಸಿಯಾಯಿತು, ಕಬ್ಬು ಕಡಿಯಬೇಕು, ಫ್ಯಾಕ್ಟರಿ ಪರ್ಮಿಟ್ ಬಂದಿದೆ" ಎಂದು ಊರಿಗೆ ಬಂದುಬಿಟ್ಟರು. ಉಳಿದ ಮೂರುವರೆ ವಾರ ಹೋಗಲಿಲ್ಲ. ಕಳೆ ಕಿತ್ತಾಗ ಮೇಲಿನ ಎಲೆ ಮಾತ್ರ ಕಿತ್ತು ಗಡ್ಡೆ ಬಿಟ್ಟರೆ ಜೇಕು ಏನು ಮಾಡುತ್ತದೆ ಎಂದು ತಮಗೆ ನಾನು ಹೇಳಬೇಕೇ? ಕಿರಣ ಚಿಕಿತ್ಸೆಯನ್ನು ನಡುವೆ ನಿಲ್ಲಿಸಿ ಆಮೇಲೆ ಮುಂದುವರಿಸಿದರೂ ಫಲ ಕುಗ್ಗುತ್ತದೆ. ದಿನ ತಪ್ಪಬಾರದು.

ಆದರೆ ಕಬ್ಬಿನ ಪರ್ಮಿಟ್ ಸುಳ್ಳಲ್ಲ. ಏಳು ವಾರ ಮನೆ ಬಿಟ್ಟರೆ ಹಸು ಕರೆಯುವವರು ಯಾರು, ನೀರು ತಿರುಗಿಸುವವರು ಯಾರು? ಪಟ್ಟಣದ ವೈದ್ಯರು "ಬಂದು ಇದ್ದು ಹೋಗಿ" ಎಂದು ಹೇಳಿಬಿಡಬಹುದು. ಇದಕ್ಕೆ ಉಪಾಯ ನಮ್ಮ ಕೈಯಲ್ಲೇ ಇದೆ. ಕೊಯ್ಲಿಗೆ, ನಾಟಿಗೆ ಮುಯ್ಯಾಳು ಮಾಡುವ ವಾಡಿಕೆ ನಮ್ಮದು. ಒಬ್ಬರ ಮನೆಯಲ್ಲಿ ಈ ಕಾಯಿಲೆ ಬಂದಾಗ ಆ ಮನೆಯ ಒಂದು ಎಕರೆಗೆ ಊರವರು ಮುಯ್ಯಿ ಹೋಗಬಾರದೇ? ಡೇರಿ ಸಂಘದವರು, ಸ್ತ್ರೀಶಕ್ತಿ ಸಂಘದವರು ಮನಸ್ಸು ಮಾಡಿದರೆ ಇದು ಕಷ್ಟದ ಕೆಲಸವಲ್ಲ. ಇಷ್ಟಾದರೆ ಚಿಕಿತ್ಸೆ ನಡುವೆ ಬಿಟ್ಟು ಬರುವವರು ಅರ್ಧಕ್ಕರ್ಧ ಕಡಿಮೆಯಾಗುತ್ತಾರೆಂದು ನನಗೆ ತೋರುತ್ತದೆ.

ಈಗ ಸಂಶೋಧನೆಯ ಮಾತು. ಸಂಶೋಧನೆ ಎಂದರೆ ರೋಗಿಯ ಮೇಲೆ ಪ್ರಯೋಗ ಮಾಡಿಬಿಡುತ್ತಾರೆ ಎಂಬ ಭಯ ಕೆಲವರಿಗೆ. ರೋಗಿಗೆ ತಿಳಿಸಿ, ಅವರ ಒಪ್ಪಿಗೆ ಪಡೆಯದೆ ಯಾವ ಪ್ರಯೋಗವನ್ನೂ ಮಾಡಕೂಡದು. ಬೇಡ ಎನ್ನುವ ಹಕ್ಕು ತಮಗಿದೆ, ಬೇಡ ಎಂದರೂ ಚಿಕಿತ್ಸೆ ತಪ್ಪದು. ಸಂಶೋಧನೆಯಲ್ಲಿ ದೊಡ್ಡ ಪಾಲು ಲೆಕ್ಕ ಬರೆಯುವ ಕೆಲಸ. ಪಹಣಿಯಲ್ಲಿ ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಂದು ಬರೆಯುತ್ತಾರಲ್ಲ, ಹಾಗೆ ಯಾವ ಊರಿನಲ್ಲಿ ಎಷ್ಟು ಜನಕ್ಕೆ ಯಾವ ಕ್ಯಾನ್ಸರು ಎಂದು ಬರೆದಿಡುತ್ತಾರೆ. ಬೆಂಗಳೂರು ನಗರದ ಈ ಲೆಕ್ಕವನ್ನು ಕಿದ್ವಾಯಿ ಸಂಸ್ಥೆ ೧೯೮೨ರಿಂದ ಇಟ್ಟುಕೊಂಡು ಬಂದಿದೆ. ಹೆಂಗಸರಲ್ಲಿ ಹಿಂದೆ ಗರ್ಭಕೊರಳಿನ ಕ್ಯಾನ್ಸರು ಮುಂದಿತ್ತು, ಈಗ ಸ್ತನದ್ದು ಮುಂದಾಗಿದೆ ಎಂಬುದು ತಿಳಿದದ್ದು ಇಂಥ ಲೆಕ್ಕದಿಂದಲೇ.

ಹಳ್ಳಿಗಳ ಲೆಕ್ಕ ದೇಶದಲ್ಲಿ ಮೊದಲು ಶುರುವಾದದ್ದು ೧೯೮೭ರಲ್ಲಿ, ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ. ನಮ್ಮ ವಿಜಯಪುರ, ಕಲಬುರಗಿಯಂತೆ ಅದೂ ಜೋಳದ ಸೀಮೆ. ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದವರು ಬೆನ್ನಿಗೆ ನಿಂತರು. ಲೆಕ್ಕ ಬರೆಯುವವರು ಆಸ್ಪತ್ರೆಯಲ್ಲಿ ಕೂತರೆ ಹಳ್ಳಿಯ ರೋಗಿ ಬರುವುದೇ ಇಲ್ಲ ಎಂದು ಕಂಡು ತಾವೇ ಹಳ್ಳಿಗೆ ಹೋದರು. ಯಾವ ಲಕ್ಷಣ ಕಂಡರೆ ಎಲ್ಲಿಗೆ ಬರಬೇಕೆಂದು ಜನರೊಡನೆ ಕೂತು ಮಾತನಾಡಿದರು. ಹೊಸ ಯಂತ್ರ, ಹೊಸ ಔಷಧ ಏನೂ ಒಯ್ಯಲಿಲ್ಲ. ಕೆಲವು ವರ್ಷಗಳಲ್ಲಿ ಗರ್ಭಕೊರಳಿನ ಕ್ಯಾನ್ಸರಿನ ಹೆಂಗಸರು ಮುಂಚಿಗಿಂತ ಮೊದಲ ಹಂತಗಳಲ್ಲೇ ಆಸ್ಪತ್ರೆಗೆ ಬರತೊಡಗಿದರು, ಬದುಕುವವರೂ ಹೆಚ್ಚಾದರು. ರೇಡಿಯೋದಲ್ಲಿ ಈ ಮಾತು ಆಡಲು ನನಗೆ ಧೈರ್ಯ ಬಂದದ್ದು ಇದನ್ನು ಓದಿದ ಮೇಲೆಯೇ.

ಅದರ ಪಕ್ಕದ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಈಗ ಧಾರಾಶಿವ ಎನ್ನುತ್ತಾರೆ, ಇನ್ನೊಂದು ದೊಡ್ಡ ಪರೀಕ್ಷೆ ನಡೆಯಿತು. ೩೦ರಿಂದ ೫೯ ವರ್ಷದೊಳಗಿನ ಸುಮಾರು ೧,೩೦,೦೦೦ ಹಳ್ಳಿಯ ಹೆಂಗಸರು. ನಾವು ತಳಿ ಪರೀಕ್ಷೆಗೆ ತಾಕು ಮಾಡುವಂತೆ ಹಳ್ಳಿಗಳನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ, ಈ ಕ್ಯಾನ್ಸರಿಗೆ ಕಾರಣವಾದ ಎಚ್.ಪಿ.ವಿ. ಎಂಬ ವೈರಾಣು ಇದೆಯೇ ಎಂದು ಒಂದೇ ಒಂದು ಸಲ ಪರೀಕ್ಷೆ. ಎರಡು ಗುಂಪಿಗೆ ಬೇರೆ ಬಗೆಯ ಪರೀಕ್ಷೆ. ನಾಲ್ಕನೆಯ ಗುಂಪಿಗೆ ತಿಳುವಳಿಕೆಯ ಮಾತು ಮತ್ತು ವಾಡಿಕೆಯ ವೈದ್ಯಕೀಯ ಮಾತ್ರ. ಎಂಟು ವರ್ಷ ಕಾದು ೨೦೦೯ರಲ್ಲಿ ಫಲಿತಾಂಶ ಪ್ರಕಟಿಸಿದರು. ವೈರಾಣು ಪರೀಕ್ಷೆಯಾದ ಗುಂಪಿನಲ್ಲಿ ಈ ರೋಗದ ಸಾವು ಸುಮಾರು ಅರ್ಧಕ್ಕೆ ಇಳಿದಿತ್ತು. ಓದುವಾಗ ನನಗೆ ಕಸಿವಿಸಿಯಾಯಿತೆಂದೂ ಹೇಳಬೇಕು. ನಮ್ಮ ಹೋಲಿಕೆಯ ತಾಕಿನಲ್ಲಿ ಒಣಗುವುದು ಪೈರು, ಅಲ್ಲಿ ತೀರಿಕೊಂಡವರು ತಾಯಂದಿರು. ಅಷ್ಟು ಬೆಲೆ ಕೊಟ್ಟು ತಿಳಿದುಕೊಂಡ ಸಂಗತಿಯನ್ನು ನಾವು ಬಳಸದೆ ಬಿಡುವುದು ಸರಿಯಲ್ಲ. ಮೂವತ್ತು ದಾಟಿದ ತಾಯಂದಿರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗರ್ಭಕೊರಳಿನ ಪರೀಕ್ಷೆಯ ಬಗ್ಗೆ ವಿಚಾರಿಸಿ. ಆಶಾ ಕಾರ್ಯಕರ್ತೆಯರಿಗೆ ಗೊತ್ತಿರುತ್ತದೆ. ಹೆಣ್ಣುಮಕ್ಕಳಿಗೆ ೯ರಿಂದ ೧೪ ವರ್ಷದೊಳಗೆ ಹಾಕಿಸುವ ಲಸಿಕೆಯೂ ಇದೆ, ಅದನ್ನೂ ಕೇಳಿ.

ಇನ್ನು ನಾವು ಬೆಳೆಯುವ ಬೆಳೆಯ ಮಾತು, ನನಗೆ ಸ್ವಲ್ಪ ಮುಜುಗರದ್ದು. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನಿಂದ ಮನೆ ನಡೆಸುವ ರೈತರಿದ್ದಾರೆ, ಮಲೆನಾಡಿನಲ್ಲಿ ಅಡಿಕೆಯಿಂದ. ನಾಳೆಯೇ ಕಿತ್ತುಹಾಕಿ ಎಂದು ನಾನು ಹೇಳಿದರೆ ತಾವು ನಗುತ್ತೀರಿ. ಆದರೆ ಬೆಳೆದದ್ದನ್ನೆಲ್ಲ ತಾವೇ ಅಗಿಯಬೇಕೆಂದಿಲ್ಲ. ಹೊಗೆಸೊಪ್ಪು, ಕಡ್ಡಿಪುಡಿ, ಬೀಡಿ, ಸಿಗರೇಟು ಇವು ಬಾಯಿ, ಗಂಟಲು, ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂಬುದರಲ್ಲಿ ಸಂದೇಹವೇ ಇಲ್ಲ. ಗುಟ್ಕಾವನ್ನು ಕರ್ನಾಟಕದಲ್ಲಿ ೨೦೧೩ರಲ್ಲಿ ನಿಷೇಧಿಸಿದರೂ ಪಾನ್ ಮಸಾಲೆ ಒಂದು ಚೀಟಿ, ಹೊಗೆಸೊಪ್ಪು ಒಂದು ಚೀಟಿ ಎಂದು ಕೊಂಡು ಬೆರೆಸಿ ತಿನ್ನುವ ಹುಡುಗರಿದ್ದಾರೆ. ಬರೀ ಅಡಿಕೆಯೂ ನಿರಪಾಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ೨೦೦೪ರಲ್ಲಿ ಹಾಗೆಂದು ಪ್ರಕಟಿಸಿತು. ಅಡಿಕೆ ಬೆಳೆಗಾರರು ಇದನ್ನು ಒಪ್ಪುವುದಿಲ್ಲ, ಸಭೆಯಲ್ಲಿ ನನ್ನ ಮೇಲೆ ಸಿಟ್ಟಾದವರೂ ಇದ್ದಾರೆ. ಹಬ್ಬದೂಟದ ಮೇಲಿನ ಒಂದು ತಾಂಬೂಲದ ಮೇಲೆ ನನಗೆ ಹಗೆಯಿಲ್ಲ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಕೆನ್ನೆಯಲ್ಲಿ ಅಡಿಕೆ ಇಟ್ಟುಕೊಳ್ಳುವವರ ಬಾಯಿ ಗಟ್ಟಿಯಾಗಿ ತೆರೆಯದೆ ಹೋಗುವುದನ್ನು ದಂತವೈದ್ಯರು ದಿನವೂ ನೋಡುತ್ತಿದ್ದಾರೆ.

ಕಡಲೇಕಾಯಿಗೆ ಹಿಡಿಯುವ ಹಳದಿ-ಹಸಿರು ಬೂಷ್ಟು ಇನ್ನೊಂದು. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿದೆ, ಅದು ಯಕೃತ್ತಿನ ಕ್ಯಾನ್ಸರಿಗೆ ಕಾರಣ. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಕಡಲೇಕಾಯಿ ಹಿಂಡಿ ತಿಂದ ಟರ್ಕಿ ಕೋಳಿಗಳು ಲಕ್ಷದ ಲೆಕ್ಕದಲ್ಲಿ ಸತ್ತಾಗ ಇದು ಪತ್ತೆಯಾಯಿತು. ಕಾಯನ್ನು ಅಲ್ಲಾಡಿಸಿದರೆ ಬೀಜ ಗಲಗಲ ಎನ್ನುವವರೆಗೆ ಒಣಗಿಸಿ. ಬೂಷ್ಟು ಹಿಡಿದದ್ದನ್ನು ಹಸುವಿಗೂ ಹಾಕಬೇಡಿ, ವಿಷ ಹಾಲಿಗೆ ಇಳಿಯುತ್ತದೆ. ಕೀಟನಾಶಕದ ಪ್ರಶ್ನೆಯನ್ನೂ ಕೇಳುತ್ತೀರಿ. ಎಲ್ಲವೂ ಕ್ಯಾನ್ಸರ್ ತರುತ್ತವೆ ಎನ್ನುವುದು ಸರಿಯಲ್ಲ, ಯಾವುದೂ ತರುವುದಿಲ್ಲ ಎನ್ನುವುದೂ ಸರಿಯಲ್ಲ. ಲಿಂಡೇನ್ ತರುತ್ತದೆಂದು ೨೦೧೫ರಲ್ಲಿ ತೀರ್ಮಾನವಾಯಿತು. ಬರಿಗೈಯಲ್ಲಿ ಕಲಸಬೇಡಿ, ಗಾಳಿಗೆ ಎದುರಾಗಿ ಹೊಡೆಯಬೇಡಿ, ಖಾಲಿ ಡಬ್ಬದಲ್ಲಿ ನೀರು ತುಂಬಿಡಬೇಡಿ.

ಹಾಗಾದರೆ ಯಾವಾಗ ಹೊರಡಬೇಕು? ಬಾಯಿಯ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಮೂರು ವಾರದಲ್ಲಿ ಮಾಯದಿದ್ದರೆ. ಮೂರು ಬೆರಳು ಒಂದರ ಮೇಲೊಂದಿಟ್ಟು ಬಾಯೊಳಗೆ ಹೋಗದಿದ್ದರೆ. ದನಿ ಒಡೆದು ಮೂರು ವಾರವಾದರೂ ಸರಿಯಾಗದಿದ್ದರೆ, ಮುದ್ದೆ ನುಂಗಲು ಕಷ್ಟವಾದರೆ. ಎದೆಯಲ್ಲಿ ಗಂಟು ಕೈಗೆ ಸಿಕ್ಕರೆ. ನೋವಿಲ್ಲವೆಂದು ಬಿಡಬೇಡಿ, ನೋವಿಲ್ಲದ ಗಂಟೇ ಅನುಮಾನದ್ದು. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ, ಕೂಡಿದ ಮೇಲೆ ರಕ್ತ ಕಂಡರೆ, ವಾಸನೆಯ ಬಿಳಿಸೆರಗು ಹೋಗುತ್ತಿದ್ದರೆ. ತಾಯಂದಿರು ಇದನ್ನು ಗಂಡನಿಗೂ ಹೇಳದೆ ನುಂಗಿಕೊಂಡಿರುತ್ತಾರೆ. ಅತ್ತೆಯವರು, ನಾದಿನಿಯರು ಕೇಳಿ ತಿಳಿದುಕೊಳ್ಳಬೇಕು. ಇವೆಲ್ಲ ಕ್ಯಾನ್ಸರೇ ಆಗಿರಬೇಕೆಂದಿಲ್ಲ, ಅನೇಕ ಸಲ ಅಲ್ಲ. ಅಲ್ಲವೆಂದು ಹೇಳಿಸಿಕೊಂಡು ಬರುವುದಕ್ಕೂ ಹೋಗಬೇಕು.

ಮೊದಲು ತಾಲ್ಲೂಕು ಅಥವಾ ಜಿಲ್ಲಾ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿಂದ ಪತ್ರ ಪಡೆಯಿರಿ. ಆಧಾರ್, ಬಿ.ಪಿ.ಎಲ್. ಪಡಿತರ ಚೀಟಿ ಮರೆಯಬೇಡಿ. ೨೦೧೮ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಗೆ ನೆರವಿದೆ. ಹಸು ಮಾರುವ ಮೊದಲು ಅದನ್ನು ವಿಚಾರಿಸಿ. ಚಿಕಿತ್ಸೆಗೆ ಹೋಗುವ ರೋಗಿಗೂ ಜೊತೆಯವರೊಬ್ಬರಿಗೂ ಆಸ್ಪತ್ರೆಯ ಪತ್ರ ತೋರಿಸಿದರೆ ರೈಲಿನಲ್ಲಿ ರಿಯಾಯಿತಿ ಉಂಟು. ಆಸ್ಪತ್ರೆಯ ಆವರಣದಲ್ಲಿ ಧರ್ಮಶಾಲೆ ಇದೆ, ಜಾಗ ಇದೆಯೇ ಎಂದು ಹೋದ ದಿನವೇ ಕೇಳಿ. ಕಲಬುರಗಿ ಸೀಮೆಯವರಿಗೆ ಅಲ್ಲಿಯೇ ಕಿದ್ವಾಯಿಯ ಶಾಖೆ ಇದೆ. ತಡವಾಗಿ ಹೋದವರಿಗೂ ಬಾಗಿಲು ಮುಚ್ಚುವುದಿಲ್ಲ. ಗುಣವಾಗದ ರೋಗದ ನೋವನ್ನು ಇಳಿಸಲು ಮಾರ್ಫಿನ್ ಗುಳಿಗೆ ಇದೆ, ನರಳುತ್ತ ಮೂಲೆಯಲ್ಲಿ ಮಲಗಬೇಕಾಗಿಲ್ಲ.

ಬೇರೆ ಕಡೆ ಚೂರು ತೆಗೆಸಿದ್ದರೆ ವರದಿಯ ಕಾಗದ ಮಾತ್ರ ಸಾಲದು. ಆ ಚೂರನ್ನು ಅಂಟಿಸಿದ ಗಾಜಿನ ಪಟ್ಟಿ ಮತ್ತು ಮೇಣದ ಅಚ್ಚು ಪ್ರಯೋಗಾಲಯದಲ್ಲಿರುತ್ತವೆ, ಕೇಳಿದರೆ ಕೊಡುತ್ತಾರೆ. ಅವನ್ನು ಹತ್ತಿಯಲ್ಲಿ ಸುತ್ತಿ, ಒಡೆಯದಂತೆ ಗಟ್ಟಿ ಡಬ್ಬದಲ್ಲಿಟ್ಟು, ಬಿಸಿಲಿಗೆ ಮೇಣ ಕರಗದಂತೆ ಚೀಲದ ಒಳಭಾಗದಲ್ಲಿ ಒಯ್ಯಿರಿ. ಮತ್ತೆ ಚೂರು ತೆಗೆಯುವುದು ಅನೇಕ ಸಲ ಇದರಿಂದ ತಪ್ಪುತ್ತದೆ.